ಎಚ್-ಇಂಡೆಕ್ಸ್ ಎಷ್ಟಿದ್ದರೆ ಸಾಕು?

ಬಂದ ಪತ್ರಗಳಲ್ಲಿ ಹೆಚ್ಚಿನವು ಮತ್ತೆ ಅದೇ ಪ್ರಶ್ನೆ ಕೇಳಿವೆ. ಗೊತ್ತಿಲ್ಲದವರಿಗೆ: ಒಬ್ಬರ 9 ಪೇಪರ್‌ಗಳನ್ನು (ಸಂಶೋಧನಾ ಲೇಖನ) ಬೇರೆ ಪೇಪರ್‌ಗಳು ತಲಾ 9 ಸಲವಾದರೂ ಉಲ್ಲೇಖಿಸಿದ್ದರೆ ಅವರ ಎಚ್-ಇಂಡೆಕ್ಸ್ 9. ಆ ಉಲ್ಲೇಖವೇ ಸೈಟೇಷನ್. ಈ ಸಲ ಅದಕ್ಕೇ ಜಾಸ್ತಿ ಜಾಗ. ಉಳಿದವರು ಬೇಜಾರು ಮಾಡಿಕೊಳ್ಳಬೇಡಿ.

ಪ್ರಶ್ನೆ: ಸಾರ್ವಜನಿಕ ಆರೋಗ್ಯದಲ್ಲಿ ಪಿಎಚ್.ಡಿ. ಮುಗಿಸಿ ಆರು ವರ್ಷ ಆಯಿತು. ನನ್ನ ಎಚ್-ಇಂಡೆಕ್ಸ್ 9. ಜೊತೆಗೇ ಶುರು ಮಾಡಿದ ಸಹೋದ್ಯೋಗಿಯದು 34. ಮುಂದಿನ ತಿಂಗಳು ಸಂದರ್ಶನ ಇದೆ. ನಾನು ಅಷ್ಟೊಂದು ಹಿಂದೆ ಬಿದ್ದಿದ್ದೇನಾ?

ಉತ್ತರ: ಆ ಎರಡು ಅಂಕಿಯಿಂದ ಅದು ಗೊತ್ತಾಗುವುದಿಲ್ಲ. ಇಬ್ಬರ ಪೇಪರ್ ಪಟ್ಟಿಯನ್ನೂ ತೆಗೆದು ನೋಡಿ. ಸಹೋದ್ಯೋಗಿಯ ಪಟ್ಟಿಯಲ್ಲಿ 'ಗ್ಲೋಬಲ್ ಬರ್ಡನ್ ಆಫ್ ಡಿಸೀಸ್' (ಜಗತ್ತಿನ ರೋಗಗಳ ಹೊರೆ ಅಂದಾಜಿಸುವ ದೊಡ್ಡ ಅಧ್ಯಯನ) ತರಹದ ಪೇಪರ್‌ಗಳು ಎಷ್ಟಿವೆ? ಅಂಥವುಗಳಿಗೆ ನೂರಾರು ಲೇಖಕರು, ಸಾವಿರಗಟ್ಟಲೆ ಸೈಟೇಷನ್. ಅದು ಒಳ್ಳೆಯ ಕೆಲಸವೇ. ಆದರೆ ಎಚ್-ಇಂಡೆಕ್ಸ್ ಲೆಕ್ಕದಲ್ಲಿ ಮೊದಲ ಹೆಸರಿಗೂ ಮುನ್ನೂರನೆಯ ಹೆಸರಿಗೂ ಒಂದೇ ಬೆಲೆ. ಅಂಥ ಇಪ್ಪತ್ತು ಪೇಪರಿನಲ್ಲಿ ಹೆಸರಿದ್ದರೆ ಅಂಕಿ ತಾನಾಗಿಯೇ ಏರುತ್ತದೆ. ಒಬ್ಬರು ಏನು ಮಾಡಿದರು ಅನ್ನುವುದು ಅಲ್ಲಿ ಕಾಣುವುದಿಲ್ಲ.

2005ರಲ್ಲಿ ಈ ಅಳತೆ ಮುಂದಿಟ್ಟ ಹೋರ್ಹೆ ಹಿರ್ಷ್ ಭೌತವಿಜ್ಞಾನಿ. ಒಂದು ಅಂಕಿಯಿಂದ ಸಿಗುವುದು ಬರೀ ಒರಟು ಅಂದಾಜು ಎಂದು ಅವರೇ ಅದೇ ಲೇಖನದಲ್ಲಿ ಬರೆದಿದ್ದಾರೆ. ಅಂಕಿಯನ್ನು ಹೊತ್ತು ತಿರುಗುವವರು ಆ ಸಾಲನ್ನು ಓದಿರುವುದಿಲ್ಲ.

ಸೈಟೇಷನ್ ಅಂದರೆ ಮೆಚ್ಚುಗೆ ಅಂತಲೂ ತಿಳಿಯಬೇಡಿ. ಲಸಿಕೆಯನ್ನು ಆಟಿಸಂ ಜೊತೆ ತಳಕು ಹಾಕಿದ ವೇಕ್‌ಫೀಲ್ಡ್ ಪೇಪರ್ 1998ರಲ್ಲಿ 'ಲ್ಯಾನ್ಸೆಟ್'ನಲ್ಲಿ ಬಂತು. ಅದರಲ್ಲಿದ್ದದ್ದು ಬರೀ 12 ಮಕ್ಕಳ ವಿವರ. 2010ರಲ್ಲಿ ಜರ್ನಲ್ ಅದನ್ನು ಹಿಂದಕ್ಕೆ ಪಡೆಯಿತು. ಅದಕ್ಕೆ ಸಿಕ್ಕ ಸೈಟೇಷನ್‌ಗಳಲ್ಲಿ ಬಹಳಷ್ಟು ಅದು ತಪ್ಪು ಎಂದು ಹೇಳಲು ಬರೆದವು. ಲೆಕ್ಕದಲ್ಲಿ ಹೊಗಳಿಕೆಯೂ ಒಂದು, ಖಂಡನೆಯೂ ಒಂದು.

ಇನ್ನೊಂದು ಕಡೆ ನೋಡಿ. 1971ರಲ್ಲಿ ಪಶ್ಚಿಮ ಬಂಗಾಳದ ಬನಗಾಂವ್‌ನಲ್ಲಿದ್ದ ಬಾಂಗ್ಲಾದೇಶದ ನಿರಾಶ್ರಿತರ ಶಿಬಿರದಲ್ಲಿ ಕಾಲರಾ ಹಬ್ಬಿತ್ತು. ಡ್ರಿಪ್ ಸಾಲುತ್ತಿರಲಿಲ್ಲ. ವೈದ್ಯ ದಿಲೀಪ್ ಮಹಲನಬಿಸ್ ಅವರ ತಂಡ ಸಕ್ಕರೆ-ಉಪ್ಪಿನ ದ್ರಾವಣ ಕುಡಿಸಿತು. ಶೇ. 30ರ ಹತ್ತಿರ ಇದ್ದ ಸಾವು ಶೇ. 4ಕ್ಕಿಂತ ಕೆಳಗಿಳಿಯಿತು. ಆ ಪೇಪರ್ 1973ರಲ್ಲಿ ಪ್ರಕಟವಾಯಿತು. ಅದರ ಪ್ರಭಾವ ಅಳೆಯಬೇಕಾದದ್ದು ಬದುಕಿದ ಮಕ್ಕಳಲ್ಲಿ ಅಲ್ವಾ? ಯಾವ ಸೈಟೇಷನ್ ಡೇಟಾಬೇಸ್ ಅದನ್ನು ಎಣಿಸುತ್ತದೆ?

ಈಗ ಸಂದರ್ಶನದ ವಿಷಯ. ನಿಮ್ಮ ಮೂರು ಪೇಪರ್ ಆರಿಸಿಕೊಳ್ಳಿ. ಪ್ರತಿಯೊಂದಕ್ಕೂ ಪ್ರಶ್ನೆ ಏನಿತ್ತು, ಅದರಲ್ಲಿ ನಿಮ್ಮ ಕೈಕೆಲಸ ಯಾವುದು, ಅದನ್ನು ಯಾರು ಬಳಸಿದರು ಅಂತ ಬರೆಯಿರಿ. 'ಉತ್ತಮ ಸೈಟೇಷನ್ ಪಡೆದಿದೆ' ಅನ್ನುವ ಸಾಲು ಬೇಡವೇ ಬೇಡ. 'ಸ್ಯಾಂಪಲ್ ಸೈಜ್ ಲೆಕ್ಕ ಹಾಕಿದ್ದು, ಅನಾಲಿಸಿಸ್ ಕೋಡ್ ಬರೆದದ್ದು ನಾನು. ಫಲಿತಾಂಶವನ್ನು ಇಂಥ ಮಾರ್ಗಸೂಚಿ ಇಂಥ ಪುಟದಲ್ಲಿ ಬಳಸಿದೆ' ಅಂತ ಬರೆಯಿರಿ. ವಿಶ್ವ ಆರೋಗ್ಯ ಸಂಸ್ಥೆಯದಾಗಲಿ, ಸರ್ಕಾರದ್ದಾಗಲಿ, ನಿಮ್ಮ ವಿಷಯದ ಮಾರ್ಗಸೂಚಿಗಳ ಪಿಡಿಎಫ್ ತೆರೆದು ನಿಮ್ಮ ಹೆಸರು ಹುಡುಕಿ. ಇಂಥ ಎಷ್ಟೋ ದಾಖಲೆಗಳು ಸೈಟೇಷನ್ ಲೆಕ್ಕಕ್ಕೆ ಬರುವುದೇ ಇಲ್ಲ. ಸಂದರ್ಶನಕ್ಕೆ ಕರೆದ ಸಂಸ್ಥೆ, ಸಂಶೋಧನೆಯನ್ನು ಹೇಗೆ ಅಳೆಯಬೇಕು ಎಂಬ ಬಗೆಗಿನ 'ಡೋರಾ' ಘೋಷಣೆಗೆ ಸಹಿ ಹಾಕಿದೆಯಾ ಅಂತಲೂ ನೋಡಿಕೊಳ್ಳಿ. ಹಾಕಿದ್ದರೆ, ಜರ್ನಲ್‌ನ ಇಂಪ್ಯಾಕ್ಟ್ ಫ್ಯಾಕ್ಟರ್ (ಅದರ ಪೇಪರ್‌ಗಳಿಗೆ ಸಿಗುವ ಸರಾಸರಿ ಸೈಟೇಷನ್) ನೋಡಿ ಆಯ್ಕೆ ಮಾಡುವುದಿಲ್ಲ ಎಂದು ಅವರು ಒಪ್ಪಿಕೊಂಡಂತೆ.

ಆದರೆ ಒಂದು ಮಾತು. ಆರು ವರ್ಷದಲ್ಲಿ ನೀವು ಮೊದಲ ಲೇಖಕರಾಗಿರುವ ಪೇಪರ್ ಒಂದೂ ಇಲ್ಲ ಅಂದರೆ ಚಿಂತೆ ಮಾಡಬೇಕಾದದ್ದು ಅದಕ್ಕೆ. 9ಕ್ಕಲ್ಲ.

ಪ್ರಶ್ನೆ: ಸೈಟೇಷನ್ ಡೇಟಾಬೇಸ್‌ಗಳಲ್ಲಿ ನನ್ನ ಎಚ್-ಇಂಡೆಕ್ಸ್ ಬೇರೆ ಬೇರೆ ಇದೆ. ಗೂಗಲ್ ಸ್ಕಾಲರ್‌ನಲ್ಲಿ 14, ಸ್ಕೋಪಸ್‌ನಲ್ಲಿ 9. ಯಾವುದು ಬರೆಯಲಿ?

ಉತ್ತರ: ಎರಡನ್ನೂ, ಮೂಲ ಮತ್ತು ತಾರೀಖಿನ ಸಮೇತ. ಸ್ಕಾಲರ್ ಪ್ರಬಂಧ, ವರದಿ, ಪ್ರಿಪ್ರಿಂಟ್ (ಜರ್ನಲ್ ಪರಿಶೀಲನೆಗೆ ಮೊದಲೇ ಹೊರಬಿಟ್ಟ ಪೇಪರ್) ಎಲ್ಲವನ್ನೂ ಎಣಿಸುತ್ತದೆ, ಅದಕ್ಕೇ ಅಲ್ಲಿ ಅಂಕಿ ಹೆಚ್ಚು.

ಪ್ರಶ್ನೆ: ಐದು ದಿನದಲ್ಲಿ ಪ್ರಕಟಿಸುತ್ತೇವೆ ಅಂತ ಜರ್ನಲ್ ಒಂದರಿಂದ ಮೇಲ್ ಬಂದಿದೆ.

ಉತ್ತರ: ಡಿಲೀಟ್ ಮಾಡಿ.

ಪ್ರಶ್ನೆ: ದುಡ್ಡು ಕೊಟ್ಟರೆ ಸೈಟೇಷನ್ ಹೆಚ್ಚಿಸಿಕೊಡುವ, ಸಿದ್ಧ ಪೇಪರಿನಲ್ಲಿ ಹೆಸರು ಸೇರಿಸುವ ಏಜೆನ್ಸಿಗಳಿವೆ. ಎಲ್ಲರೂ ಮಾಡುತ್ತಾರಂತೆ, ಹೌದಾ?

ಉತ್ತರ: ಎಲ್ಲರೂ ಮಾಡುವುದಿಲ್ಲ. ಇದು ಶುದ್ಧ ಮೋಸ. ನಮ್ಮ ಕ್ಷೇತ್ರದಲ್ಲಂತೂ ಇದು ಅಪಾಯ. ಸುಳ್ಳು ಡೇಟಾದ ಪೇಪರ್ ನಾಳೆ ಯಾವುದೋ ಮೆಟಾ-ಅನಾಲಿಸಿಸ್ (ಹಲವು ಅಧ್ಯಯನಗಳ ಫಲಿತಾಂಶ ಒಟ್ಟುಗೂಡಿಸುವ ವಿಶ್ಲೇಷಣೆ) ಸೇರುತ್ತದೆ. ಅದನ್ನು ನಂಬಿ ಯಾರೋ ಔಷಧಿಯ ಡೋಸ್ ತೀರ್ಮಾನಿಸುತ್ತಾರೆ. ಇಂಥವರ ಜೊತೆ ಸುಮ್ನೆ ಮಾತಿಗೂ ಇಳಿಯಬೇಡಿ.

ಪ್ರಶ್ನೆ: ಏನೂ ಮಾಡದ ವಿಭಾಗದ ಮುಖ್ಯಸ್ಥರ ಹೆಸರು ಹಾಕಲೇಬೇಕಾ?

ಉತ್ತರ: ಬೇಡ. ವೈದ್ಯಕೀಯ ಜರ್ನಲ್ ಸಂಪಾದಕರ ಅಂತರರಾಷ್ಟ್ರೀಯ ಸಮಿತಿಯ ನಾಲ್ಕು ಷರತ್ತುಗಳಿವೆ. ನಾಲ್ಕೂ ಪೂರೈಸಿದವರು ಮಾತ್ರ ಲೇಖಕರು. ಅನುದಾನ ತಂದುಕೊಟ್ಟರೂ ಅಷ್ಟೇ ಸಾಲದು. ಅಂಥವರಿಗೆ ಕೊನೆಯಲ್ಲಿ ಕೃತಜ್ಞತೆ ಹೇಳಿ.

ಪ್ರಶ್ನೆ: ನನ್ನದೇ ಹೆಸರಿನ ಬೇರೆಯವರ ಪೇಪರ್‌ಗಳು ನನ್ನ ಪ್ರೊಫೈಲ್‌ಗೆ ಸೇರಿಕೊಂಡಿವೆ. ಬಿಟ್ಟರೆ ತೊಂದರೆ ಇಲ್ಲ ತಾನೇ?

ಉತ್ತರ: ಇದೆ. ಇವತ್ತೇ ತೆಗೆಯಿರಿ. ಸಂಶೋಧಕರನ್ನು ಒಬ್ಬೊಬ್ಬರಾಗಿ ಗುರುತಿಸುವ 16 ಅಂಕಿಯ ಆರ್ಕಿಡ್ (ORCID) ಐಡಿ ಮಾಡಿಕೊಳ್ಳಿ, ಅದು ಉಚಿತ. ಇನ್ನು ಮುಂದೆ ಪೇಪರ್ ಕಳಿಸುವಾಗಲೆಲ್ಲ ಅದನ್ನೇ ಕೊಡಿ.