ಹಳೆಯ ತಳದ ಮೇಲೆ ಹೊಸ ತಗಡು ಬೇಡ
ಹಾವೇರಿಯಲ್ಲಿ ಗೊಬ್ಬರ ಸಾಗಿಸುವ ಹಳೆಯ ಪಿಕಪ್‌ನ ತುಕ್ಕು ತಿಂದ ತಳದ ಮೇಲೆಯೇ ಹೊಸ ತಗಡು ಹಾಸಿದರೆ ಸಾಕೇ ಎಂದು ಕೇಳಿದ್ದೀರಿ. ಸಾಲದು ಸರ್. ಎರಡರ ನಡುವೆ ಯೂರಿಯಾ ಪುಡಿ, ಮಳೆನೀರು ಸೇರಿ ಹೊಸದನ್ನೂ ತಿನ್ನುತ್ತವೆ. ಹಳೆಯದನ್ನು ಪೂರ್ತಿ ಕತ್ತರಿಸಿ ತೆಗೆಸಿ. ಕೆಳಗಿನ ಅಡ್ಡಪಟ್ಟಿಗಳನ್ನು ಸುತ್ತಿಗೆಯಿಂದ ತಟ್ಟಿ ನೋಡಿ: ಠಣ್ ಎಂದರೆ ಗಟ್ಟಿ, ಮಂದ ಸದ್ದಿನೊಡನೆ ಪದರು ಉದುರಿದರೆ ಅದನ್ನೂ ಬದಲಿಸಿ. ತಳಕ್ಕೆ 3 ಮಿ.ಮೀ. ಚೆಕರ್ ಪ್ಲೇಟ್ (ಜಾರದಂತೆ ಉಬ್ಬು ಗೆರೆಗಳಿರುವ ಉಕ್ಕಿನ ತಗಡು) ಸಾಕು. 5 ಮಿ.ಮೀ. ಹಾಕಿಸಿ ಎನ್ನುವವರು ಸಿಗುತ್ತಾರೆ, ಕಿವಿಗೊಡಬೇಡಿ. ಚದರ ಮೀಟರಿಗೆ ಸುಮಾರು 16 ಕಿಲೋ ದಂಡದ ಭಾರ. ವೆಲ್ಡಿಂಗ್‌ಗೆ ಮುನ್ನ ಬ್ಯಾಟರಿಯ ತಂತಿ ಬಿಚ್ಚಿಸಿ. ಪ್ಲೇಟ್ ಕೂರಿಸುವ ಮೊದಲೇ, ಬೆಸುಗೆ ಬೀಳುವ ಜಾಗ ಬಿಟ್ಟು, ಅದರ ಅಡಿಭಾಗಕ್ಕೆ ರೆಡ್ ಆಕ್ಸೈಡ್ (ತುಕ್ಕು ತಡೆಯುವ ಕೆಂಪು ಬಣ್ಣ) ಬಳಿಸಿ. ಆಮೇಲೆ ಅಲ್ಲಿಗೆ ಕುಂಚ ಹೋಗುವುದಿಲ್ಲ. ಮೂಲೆಗಳಲ್ಲಿ ನೀರು ಇಳಿಯಲು ತೂತು ಬೇಕೇ ಬೇಕು.