ಪುಣೆಕ್ಕ ಬರೂ ಮುಂಚೆ ಆಫರ್ ಲೆಟರ್ ಇನ್ನೊಮ್ಮೆ ಓದು

ತಮ್ಮಾ, ನಿನ್ನ ಪ್ರಶ್ನಿ ಓದಿದೆ. ಧಾರವಾಡದಾಗ ಇಪ್ಪತ್ತು ಮಂದಿಯ ಸಣ್ಣ ಸಾಫ್ಟ್‌ವೇರ್ ಕಂಪನ್ಯಾಗ ಎರಡು ವರ್ಷ ಆತು, ಈಗ ಪುಣೆದ ಹಿಂಜವಡಿಯ ದೊಡ್ಡ ಕಂಪನಿಯಿಂದ ವರ್ಷಕ್ಕ 7 ಲಕ್ಷದ ಆಫರ್ ಬಂದೈತಿ, ಬರ್ಲೋ ಬ್ಯಾಡೋ, ಅಲ್ಲಿ ಜೀವನ ಹ್ಯಾಂಗ ಅಂತ ಕೇಳೀದಿ. ನಾ ಕುಂದಗೋಳದಾಂವ, 2009ರಾಗ ಇಲ್ಲಿಗೆ ಬಂದೆ, ನಡುವ ಒಂದ ಸಲ ಕಂಪನಿ ಬದಲಿ ಮಾಡೀನಿ, ಎರಡೂ ಸಾವಿರಗಟ್ಲೆ ಮಂದಿ ಇರೂವಂಥವು. ಊರಿನ ಸುದ್ದಿ ಕಡೀಕ ಹೇಳ್ತೀನಿ, ಮೊದಲ ಆ 7 ಲಕ್ಷ ನೋಡೂಣು.

ಹನ್ನೆರಡರಲೆ ಭಾಗಿಸಿ ತಿಂಗಳಿಗೆ 58 ಸಾವಿರ ಅಂತ ಮನ್ಯಾಗ ಹೇಳಿಬಿಟ್ಟಿರಬೇಕು ನೀ. ನಾನೂ ಹಂಗ ಮಾಡಿದ್ದೆ, ಮೊದಲ್ನೇ ಪಗಾರ ಬಂದಾಗ ಅಪ್ಪ ಕೇಳಿದ್ದಕ್ಕ ಉತ್ತರ ಇರ್ಲಿಲ್ಲ. ಅದು ಸಿಟಿಸಿ, ಅಂದ್ರ ನಿನ್ನ ಸಲುವಾಗಿ ಕಂಪನಿ ವರ್ಷಕ್ಕ ಮಾಡೂ ಒಟ್ಟು ಖರ್ಚು. ಅದರಾಗ ಕಂಪನಿ ತುಂಬೂ ಪಿಎಫ್ ಇರ್ತೈತಿ, ಕೆಲಸ ಬಿಡೂವಾಗ ಸಿಗೂ ಗ್ರ್ಯಾಚುಟಿ ಇರ್ತೈತಿ, ಕೆಲವು ಕಡೆ ಇನ್ಶೂರೆನ್ಸ್ ಪ್ರೀಮಿಯಮ್ಮೂ ಸೇರಿಸಿರ್ತಾರ. ಬೇಸಿಕ್, ಅಂದ್ರ ಮೂಲ ಪಗಾರ, ತಿಂಗಳಿಗೆ 25 ಸಾವಿರ ಅಂತ ಹಿಡಿ, 12 ಪರ್ಸೆಂಟ್ ಅಂದ್ರ ನಿನ್ನ ಕಡೆಯಿಂದ 3 ಸಾವಿರ ಪಿಎಫ್, ಕಂಪನಿ ಕಡೆಯಿಂದ ಮತ್ತ 3 ಸಾವಿರ, ಎರಡೂ ಆ 7 ಲಕ್ಷದೊಳಗಿಂದನ ಹೋಗ್ತಾವ. ಗ್ರ್ಯಾಚುಟಿ ಪರ್ಮನೆಂಟ್ ಇದ್ದಾವ್ರಿಗೆ ಐದು ವರ್ಷ ಆದಮ್ಯಾಲೆ, ನೀ ಮೂರು ವರ್ಷಕ್ಕ ಬಿಟ್ರ ಅದು ಬರೇ ಲೆಟರಿನಾಗ ಓದಿದ್ದಷ್ಟ. ವೇರಿಯಬಲ್, ಅಂದ್ರ ಕೆಲಸ, ಲಾಭ ನೋಡಿ ಕೊಡೂ ಭಾಗ, ಅದಂತೂ ಮಳಿ ಇದ್ದಂಗ. ಪ್ರೊಫೆಷನಲ್ ಟ್ಯಾಕ್ಸ್ ತಿಂಗಳಿಗೆ 200, ಫೆಬ್ರುವರಿಗೆ 300, ಅದರ ಚಿಂತಿ ಬ್ಯಾಡ. ಎಚ್‌ಆರ್‌ಗೆ ಒಂದ ಮಾತು ಕೇಳು, ವೇರಿಯಬಲ್ ಬಿಟ್ಟು ತಿಂಗಳಿಗೆ ಕೈಗೆ ಎಷ್ಟು ಬರ್ತೈತಿ ಮೇಡಂ ಅಂತ. ನಾಚ್ಕೋಬ್ಯಾಡ.

ಇನ್ನ ಕೆಲಸ. ಧಾರವಾಡದಾಗ ನೀನ ಕೋಡ್ ಬರೀತಿ, ನೀನ ಕಸ್ಟಮರ್ ಜೋಡಿ ಮಾತಾಡ್ತಿ, ರಾತ್ರಿ ಸರ್ವರ್ ಬಿದ್ರ ನೀನ ಎದ್ದು ಚಾಲೂ ಮಾಡ್ತಿ. ಇಲ್ಲೆ ಒಂದು ಸಣ್ಣ ಆಕ್ಸೆಸ್ ಬೇಕಂದ್ರೂ ಟಿಕೆಟ್, ಅಂದ್ರ ಆನ್‌ಲೈನ್ ಅರ್ಜಿ, ಹಾಕ್ಬೇಕು, ಅದನ್ನ ಅಪ್ರೂವ್ ಮಾಡಾಂವ ರಜಾಕ್ಕ ಹೋಗಿರ್ತಾನ. ನಾ ಸೇರಿದ ಹೊಸದಾಗ ನಾಕು ತಿಂಗಳು ಬೆಂಚ್ ಮ್ಯಾಲೆ ಇದ್ದೆ, ಅಂದ್ರ ಪ್ರಾಜೆಕ್ಟ್ ಇಲ್ಲ, ಆದ್ರ ಒಂಬತ್ತಕ್ಕ ಕಾರ್ಡ್ ಸ್ವೈಪ್ ಆಗ್ಲೇಬೇಕು, ದಿನಾ ಹೋಗಿ ಕ್ಯಾಂಟೀನಿನಾಗ ಚಾ ಕುಡ್ದು, ಯಾವುದೋ ಆನ್‌ಲೈನ್ ಟ್ರೇನಿಂಗ್ ಒತ್ತಿ ಒತ್ತಿ ಮುಗಿಸಿ, ಆರಕ್ಕ ಕಂಪನಿ ಬಸ್ ಹತ್ತೂದು, ತಿಂಗಳ ಕಡೀಕ ಪಗಾರ ಮಾತ್ರ ಸರಿಯಾಗಿ. ಅವ್ವ ಫೋನಿನಾಗ ಕೆಲಸ ಹ್ಯಾಂಗೈತೋ ಅಂದ್ರ ಭಾಳ ಐತಿ ಬೇ ಅಂತ ಸುಳ್ಳು ಹೇಳ್ತಿದ್ದೆ. ಕೆಲಸ ಇಲ್ಲದ ಪಗಾರ ತಿನ್ನೂದು ಆರಾಮ ಅಂತ ಅನ್ಕೋತಾರ ಮಂದಿ, ಮೂರನೇ ತಿಂಗಳಿಗೆ ನಂಗ ನಿದ್ದಿ ಹತ್ತತಿರ್ಲಿಲ್ಲ. ಕಡೀಕ ಸಿಕ್ಕಿದ್ದು ನೈಟ್ ಶಿಫ್ಟ್ ಸಪೋರ್ಟ್, ನಾ ಕಲಿತಿದ್ದು ಜಾವಾ ಕೋಡಿಂಗ್.

ಅಲ್ಲಿಂದ ಹೊರಗ ಬಂದಿದ್ದು ಎಚ್‌ಆರ್ ದಯೆಯಿಂದಲ್ಲ. ಕಂಪನಿ ಬಸ್ಸಿನಾಗ ನನ್ನ ಬಾಜೂ ಕೂಡೋ ಪುಣೆದವ್ರು ಒಬ್ರು, ವಯಸ್ಸಿನಾಗ ಹಿರಿಯರು, ಬ್ಯಾರೆ ಯೂನಿಟ್ಟಿನವ್ರು, ಊರು ಯಾವ್ದು ಅಂದ್ರು, ಕುಂದಗೋಳ ಅಂದೆ, ಅರೇ ಸವಾಯಿ ಗಂಧರ್ವರ ಊರಾ ಅಂತ ಕಣ್ಣು ದೊಡ್ಡದು ಮಾಡಿದ್ರು. ಗುರು ಸವಾಯಿ ಗಂಧರ್ವರ ನೆನಪಿಗೆ ಗಾಯಕ ಭೀಮಸೇನ ಜೋಶಿಯವ್ರು 1953ರಾಗ ಶುರು ಮಾಡಿದ ಸಂಗೀತೋತ್ಸವ ಇಲ್ಲಿ ಡಿಸೆಂಬರಿಗೆ ಇನ್ನೂ ನಡೀತೈತಲ್ಲ, ಆ ವರ್ಷ ನನ್ನ ಕರ್ಕೊಂಡು ಹೋದ್ರು. ನಂಗ ಸಂಗೀತ ಅಷ್ಟಕ್ಕಷ್ಟ, ಸುಮ್ನ ಕುಂತಿದ್ದೆ. ಎರಡು ತಿಂಗಳ ಮ್ಯಾಲೆ ತಮ್ಮ ಯೂನಿಟ್ಟಿನಾಗ ಜಾವಾ ಜಾಗ ಖಾಲಿ ಐತಿ, ಅರ್ಜಿ ಹಾಕು ಅಂತ ಹೇಳಿದ್ದು ಅವ್ರ. ಅದಕ್ಕ ಹೇಳ್ತೀನಿ, ದೊಡ್ಡ ಕಂಪನ್ಯಾಗ ಖಾಲಿ ಜಾಗದ ಸುದ್ದಿ ಕಂಪನಿ ಪೋರ್ಟಲ್ಲಿಗೆ ಬರೂದ್ರೊಳಗ ಬಸ್ಸಿಗೆ ಬಂದಿರ್ತೈತಿ. ಹೆಡ್‌ಫೋನ್ ತಗದು ಕೂಡು.

ಅಪ್ರೈಸಲ್ಲಿನಾಗ, ಅಂದ್ರ ವರ್ಷದ ಕೆಲಸಕ್ಕ ರೇಟಿಂಗ್ ಕೊಡೂವಾಗ, ಅಳಬ್ಯಾಡ. ಒಂದು ವರ್ಷ ಹಗಲೂ ರಾತ್ರಿ ದುಡದೆ, ರೇಟಿಂಗ್ ನಡುವಿಂದು ಬಂತು. ಮ್ಯಾನೇಜರ್ ಬಾಗಲ ಹಾಕ್ಕೊಂಡು ಹೇಳಿದ್ರು, ನಿಂದೇನ ತಪ್ಪಿಲ್ಲ, ಈ ಸಲ ನಮ್ಮ ಟೀಮಿಗೆ ಮ್ಯಾಲಿನ ರೇಟಿಂಗ್ ಎರಡ, ಒಬ್ಬಾಂವ ಪ್ರಮೋಷನ್ನಿಗೆ ನಿಂತಾನ, ಅವಂಗ ಕೊಡ್ಲೇಬೇಕು. ಯಾವ ರೇಟಿಂಗ್ ಎಷ್ಟು ಮಂದಿಗೆ ಅಂತ ಮೊದಲ ಗೊತ್ತು ಮಾಡಿರ್ತಾರ, ಬೆಲ್ ಕರ್ವ್ ಅಂತಾರ ಅದಕ್ಕ. ಸಿಟ್ಟು ಇವತ್ತಿಗೂ ಐತಿ, ಸುಳ್ಳ್ಯಾಕ ಹೇಳ್ಲಿ.

ಹಂಗಾರ ಯಾಕ ಇದ್ದೀ ಅಂತಿ. 2016ರಾಗ ಅಪ್ಪಗ ಹಾರ್ಟ್ ಆಪರೇಷನ್ ಆತು. ಶುಗರ್ ಹತ್ತು ವರ್ಷದ್ದು, ಹೊರಗ ಹೊಸ ಹೆಲ್ತ್ ಇನ್ಶೂರೆನ್ಸ್ ಪಾಲಿಸಿ ಮಾಡಿಸಿದ್ರ ಹಳೇ ರೋಗಕ್ಕ ವರ್ಷಗಟ್ಲೆ ಕಾಯ್ಬೇಕು. ನಮ್ಮ ಕಂಪನಿ ಮಾಡಿಸಿದ ಗ್ರೂಪ್ ಪಾಲಿಸ್ಯಾಗ ಮೊದಲ ದಿನದಿಂದನ ಹಿಡೀತಿದ್ರು, ಕ್ಯಾಶ್‌ಲೆಸ್ ಆತು, ಹೊಲದ ತಂಟೆಕ್ಕ ಹೋಗ್ಲಿಲ್ಲ. ನಿಂಗ ಬರೂ ಆಫರಿನಾಗ ಅವ್ವ-ಅಪ್ಪ ಸೇರ್ತಾರೋ, ನೀ ಹೆಚ್ಚಿನ ರೊಕ್ಕ ತುಂಬಬೇಕೋ ಕೇಳ್ಕೊ. ಕೆಲಸ ಬಿಟ್ಟ ದಿನ ಆ ಪಾಲಿಸಿನೂ ಬಿಟ್ಟಂಗ, ಅದೂ ನೆನಪಿರ್ಲಿ. ಕೆಲಸ ಬಿಡೂ ಮುಂಚೆ ಕೊಡೂ ನೋಟಿಸ್ 90 ದಿನ ಬರದಿರ್ತಾರ, ಅದನ್ನೂ ನೋಡು. ಧಾರವಾಡದ ಕೆಲಸ ಕದ್ದು ಮುಚ್ಚಿ ಜೋಡಿಗೆ ಇಟ್ಕೋತೀನಿ ಅನ್ಬ್ಯಾಡ, ಎರಡೂ ಕಡೆ ಪಿಎಫ್ ತುಂಬಿದ್ರ ನಿನ್ನ ಪಿಎಫ್ ಖಾತೆಗೆಲ್ಲ ಒಂದ ಇರೂ ಯುಎಎನ್ ನಂಬರಿನಾಗ ಕಾಣ್ತೈತಿ.

ಊರು ಛಲೋ ಐತಿ. ಜ್ವಾಳದ ಭಾಕ್ರಿ, ಪಿಠಲಾ ಅಂದ್ರ ನಮ್ಮ ರೊಟ್ಟಿ ಝುಣಕಾನ. ರೂಮ್ ಹಿಂಜವಡಿ ಬಾಜೂ ವಾಕಡದಾಗ ನೋಡು, ದೂರದ ಸ್ವಾರಗೇಟ್ ಕಡೆ ಸೋವಿ ಸಿಕ್ತು ಅಂತ ಹಿಡಿದ್ರ ದಿನದ ಮೂರು ತಾಸು ಟ್ರಾಫಿಕ್ಕಿಗೆ ಹೋಗ್ತಾವ. ಅಗ್ರಿಮೆಂಟ್ 11 ತಿಂಗಳದ್ದಿದ್ರೂ ಇಲ್ಲಿ ರಿಜಿಸ್ಟರ್ ಆಗ್ಬೇಕು, ಬ್ರೋಕರ್ ಬರೇ ಸ್ಟ್ಯಾಂಪ್ ಪೇಪರ್ ಸಾಕು ಅಂದ್ರ ಒಪ್ಪಬ್ಯಾಡ. ಸೊಸಾಯ್ಟಿಗೆ ನೀರು ನಳದ್ದೋ ಟ್ಯಾಂಕರಿಂದೋ ವಾಚ್‌ಮನ್‌ನ ಕೇಳು, ಮಾಲಕ ಖರೇ ಹೇಳಂಗಿಲ್ಲ.

ಬರೂದಾದ್ರ ಹುಬ್ಬಳ್ಳಿಯಿಂದ ಮುಂಬೈಗೆ ಹೋಗೂ ರಾತ್ರಿ ಬಸ್ ಹಿಡಿ, ಬೈಪಾಸ್ ಮ್ಯಾಲೆ ವಾಕಡದಾಗನ ಇಳಿಸ್ತಾರ. ಕಂಡಕ್ಟರ್‌ಗೆ ಮೊದಲ ಹೇಳಿಡು, ಇಲ್ಲಂದ್ರ ಲೋಣಾವಳಾದಾಗ ಎಚ್ಚರಾಗ್ತಿ.