ಆಣಿಪಟ್ಟಿ ಹಚ್ಚಲೇನ್ರಿ?

ಪ್ರಶ್ನೆ: ಡಾಕ್ಟರಮ್ಮಾರೆ, ಅಂಗಾಲಿಗೆ ಆಣಿ ಆಗ್ಯಾದ, ಹಿಮ್ಮಡಿ ಒಡದಾವ. ಸಕ್ಕರಿ ಕಾಯಿಲೆನೂ ಅದ. ಮೆಡಿಕಲ್‌ನಾಗ ಆಣಿಪಟ್ಟಿ ಕೊಟ್ಟಾರ. ಹಚ್ಚಲೇನ್ರಿ?
– ಓದುಗರು, ಚಿತ್ತಾಪುರ

ಉತ್ತರ: ಹಚ್ಚಲೇಬೇಡಿ ತಾಯಿ. ಅದರಲ್ಲಿರುವ ಸ್ಯಾಲಿಸಿಲಿಕ್ ಆಮ್ಲ ಸುತ್ತಲಿನ ಒಳ್ಳೆಯ ಚರ್ಮವನ್ನೂ ಸುಡುತ್ತದೆ. ಸಕ್ಕರೆ ಕಾಯಿಲೆಯಿಂದ ಪಾದ ಜೋಮು ಹಿಡಿದಿದ್ದರೆ ಹುಣ್ಣಾದದ್ದೂ ಗೊತ್ತಾಗುವುದಿಲ್ಲ. ಆಣಿಯನ್ನು ಡಾಕ್ಟರಿಗೇ ತೋರಿಸಿ.

ಹಿಮ್ಮಡಿಗೆ ಶೇ 10ರ ಯೂರಿಯಾ ಕ್ರೀಮ್ ಒಳ್ಳೆಯದು. ರಾತ್ರಿ ಕಾಲು ತೊಳೆದು, ಬಿರುಕಿನಲ್ಲಿ ಕೂತ ಎರೆಮಣ್ಣು ಮೆಲ್ಲಗೆ ತೆಗೆದು, ಒರೆಸಿ, ಪಸೆ ಆರುವ ಮೊದಲೇ ಹಚ್ಚಿ. ಬಿಸಿನೀರಲ್ಲಿ ನೆನೆಹಾಕಬೇಡಿ. ಬೆರಳ ಸಂದಿಗೆ ಕ್ರೀಮ್ ಬೇಡ, ಅಲ್ಲಿ ಪಸೆ ನಿಂತರೆ ಚರ್ಮ ಕೊಳೆಯುತ್ತದೆ. ರಕ್ತ ಒಸರುವ ಬಿರುಕಿಗೂ ಬೇಡ. ಅಂದೇ ದವಾಖಾನೆಗೆ ಹೋಗಿ.

ಬರಿಗಾಲಲ್ಲಿ ತೊಗರಿ ಕೂಳೆ ತುಳಿಯುವವರನ್ನು ಕಂಡರೆ ನನಗೆ ಎದೆ ಝಲ್ಲೆನ್ನುತ್ತದೆ. ಚಪ್ಪಲಿ ಮೆಟ್ಟದೆ ಹೊಲಕ್ಕಿಳಿಯಬೇಡಿ.